ಮದುವೆ ಫೋಟೋಗಳ ಫೋಲ್ಡರು

ಸಲ್ಮಾ, ಆ ಮದುವೆಯ ಫೋಟೋಗಳನ್ನು ಅಳಿಸಿದವಳು ನಾನು. ನೀನಲ್ಲ. ನಾವಿಬ್ಬರೂ ಕೆಲಸ ಮಾಡುತ್ತಿದ್ದ ಗಾಜಿಪುರದ ಸ್ಟುಡಿಯೋದಲ್ಲಿ ಅಂದು ನಿನ್ನ ತಲೆಗೆ ಕಟ್ಟಿದ ತಪ್ಪು ನನ್ನದು — ಇಷ್ಟು ವರ್ಷ ಅದನ್ನು ನುಂಗಿಕೊಂಡೇ ಇದ್ದೆ.

ನಿನಗೆ ನೆನಪಿರಲೇಬೇಕು. ಕ್ಯಾಮೆರಾದವರು ಮದುವೆ ಮುಗಿಸಿ ಬಂದು, ಮೆಮೊರಿ ಕಾರ್ಡಿನಲ್ಲಿದ್ದ ಫೋಟೋಗಳನ್ನೆಲ್ಲ ನಿನ್ನ ಕಂಪ್ಯೂಟರಿಗೆ ಹಾಕಿ, ಕಾರ್ಡು ಖಾಲಿ ಮಾಡಿಕೊಂಡು ಮುಂದಿನ ಮದುವೆಗೆ ಓಡುತ್ತಿದ್ದರು. ಆ ಫೋಟೋಗಳ ಫೋಲ್ಡರನ್ನು ನೀನು ನೆಟ್‌ವರ್ಕಿನಲ್ಲಿ ನನಗೆ ಶೇರ್ ಮಾಡುತ್ತಿದ್ದೆ. ಒಳಕೋಣೆಯ ಕಂಪ್ಯೂಟರಿನಿಂದ ಅದನ್ನೇ ತೆರೆದು ನಾನು ಆಲ್ಬಂ ಮಾಡುತ್ತಿದ್ದೆ. ನನಗೆ ನೋಡುವ ಅನುಮತಿ ಮಾತ್ರ ಕೊಡಬೇಕೆಂದು ಮಾಲೀಕರು ಹೇಳಿದ್ದರು. ಆದರೆ ನಾನು ಗಳಿಗೆಗೊಮ್ಮೆ ಸೇವ್ ಆಗುತ್ತಿಲ್ಲ ಎಂದು ನಿನ್ನ ತಲೆ ತಿನ್ನುತ್ತಿದ್ದೆನಲ್ಲ — ಬೇಸತ್ತು, ನಗುತ್ತಲೇ, ಬದಲಿಸುವ, ಅಳಿಸುವ ಪೂರ್ತಿ ಅನುಮತಿಯನ್ನೇ ನೀನು ಕೊಟ್ಟುಬಿಟ್ಟೆ. ನನ್ನನ್ನು ನಂಬಿದೆ.

ಆ ದಿನ ನನ್ನ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಬೇಡದ್ದನ್ನು ತೆಗೆಯುತ್ತ ಕೂತಿದ್ದೆ. ಕಣ್ಣೆದುರಿಗಿರುವ ಮದುವೆಯ ಫೋಲ್ಡರು ನನ್ನ ಪ್ರತಿ, ಮೂಲ ನಿನ್ನಲ್ಲಿ ಇದ್ದೇ ಇದೆ ಎಂದುಕೊಂಡು ಅಳಿಸಿದೆ. ಅದೇ ಮೂಲ. ಪ್ರತಿ ನಾನು ಮಾಡಿಕೊಂಡೇ ಇರಲಿಲ್ಲ. ರೀಸೈಕಲ್ ಬಿನ್ ತೆರೆದರೆ ಅಲ್ಲೂ ಇಲ್ಲ — ನೆಟ್‌ವರ್ಕಿನ ಮೂಲಕ ಅಳಿಸಿದ್ದು ಅಲ್ಲಿಗೆ ಬರುವುದಿಲ್ಲವೆಂದು ಆಗ ಗೊತ್ತಾಯಿತು. ಆಗಲೇ ನಿನ್ನ ಬಳಿ ಬಂದು ಹೇಳಬಹುದಿತ್ತು. ಹೇಳಲಿಲ್ಲ.

ಮದುವೆ ಮನೆಯವರು ಬಂದು ಕೂಗಾಡಿ ಹೋದ ಮೇಲೆ ಮಾಲೀಕರು ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ನಾನೇ ಮೊದಲು ಬಾಯಿ ಬಿಟ್ಟೆ.

"ಅದು ಆಕಿ ಕಂಪ್ಯೂಟರ್‌ನಾಗ ಇತ್ತ್ರೀ."

ಸುಳ್ಳೇನೂ ಅಲ್ಲ — ಅದೇ ನನ್ನ ಹಾಳು ಜಾಣತನ. ನೀನು ಒಮ್ಮೆ ನನ್ನ ಮುಖ ನೋಡಿದೆ. ನೀನು ಅಳಿಸಿರದಿದ್ದರೆ ಉಳಿದವಳು ನಾನೊಬ್ಬಳೇ ಎಂದು ನಿನಗೆ ಗೊತ್ತಿತ್ತು. ಆದರೂ ನನ್ನ ಹೆಸರು ಎತ್ತಲಿಲ್ಲ. ಮಾಲೀಕರು ನಿನ್ನನ್ನು ಕೆಲಸದಿಂದ ತೆಗೆದರು; ಮರುದಿನದಿಂದ ನಿಮ್ಮೂರು ಕಮಲಾಪುರದ ಬಸ್ಸಿನಲ್ಲಿ ನೀನು ಬರಲಿಲ್ಲ. ನಿನ್ನ ಕುರ್ಚಿಯಲ್ಲಿ ನಾನು ಕೂತೆ — ಹೇಗೆ ಕೂತೆನೋ.

ಈಗ ನೀನು ನಿಮ್ಮೂರಲ್ಲೇ ಸಣ್ಣ ಸ್ಟುಡಿಯೋ ಇಟ್ಟಿದ್ದೀಯೆಂದೂ, ಮದುವೆಯ ಫೋಟೋ ಕಳೆದವಳೆಂಬ ಮಾತು ಅಲ್ಲಿಗೂ ಬಂದು ಜನ ಮದುವೆ ಕೆಲಸ ಕೊಡಲು ಹಿಂಜರಿಯುತ್ತಾರೆಂದೂ ಕೇಳಿದೆ. ಇವತ್ತು ಬೆಳಗ್ಗೆ ಮಾಲೀಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು "ಇದನ್ನ ಮೊದಲ ಸಲ್ಮಾಗ ಹೇಳ್ಬೇಕಿತ್ತಲ್ಲವ್ವಾ" ಎಂದರು.

ಕಮಲಾಪುರಕ್ಕೆ ಬಂದಿದ್ದೇನೆ. ನಿನ್ನ ಅಂಗಡಿಯೆದುರು ನಿಂತಿದ್ದೇನೆ. ನೀನು ಹೊರಗೆ ಹೋಗೆಂದರೆ — ಅನ್ನು. ಒಳಗೆ ಗಿರಾಕಿಗಳಿದ್ದಾರೆ, ನಿಮ್ಮೂರಿನವರೇ ಇರಬೇಕು. ಅವರು ಹೋಗಲಿ ಎಂದು ಕಾಯುವುದಿಲ್ಲ, ಅವರೆದುರೇ ಹೇಳುತ್ತೇನೆ.