ಕೊಟ್ಟವಳನ್ನು ಕೂಗಿದ ಗುರುವಾರ

ಬೂಶ್ತಾನ ಗಂಟಲು ಚಂದದ್ದೇನಲ್ಲ. ಹಾಡಲು ಬರುವುದಿಲ್ಲ. ಮಸೀದಿಯಲ್ಲಿ ಬಾಂಗ್ ಕೊಡಲು ಒಮ್ಮೆ ಕರೆದವರು ಮತ್ತೆ ಆ ತಪ್ಪು ಮಾಡಲಿಲ್ಲ. ಆದರೆ ನಮ್ಮೂರು ಖೆಮಿಸ್ ಸಫ್ಸಾಫಿನ ಗುರುವಾರದ ಸಂತೆಯಲ್ಲಿ ಕುರಿಗಳ ಅರಚಾಟ, ಲಾಳ ಬಡಿಯುವ ಸದ್ದು, ಪುದೀನ ಮಾರುವವರ ಜಗಳ, ಇವೆಲ್ಲವನ್ನೂ ಸೀಳಿಕೊಂಡು ಹೋಗಿ ಕಿವಿಗೆ ಬೀಳುವುದು ಅವನದೊಂದೇ ದನಿ. ಅವನು ಸಂತೆಯ ಕೂಗುವವನು. ಯಾರದು ಏನು ಕಳೆದರೂ ಅವನ ಹತ್ತಿರ ಬರಬೇಕು.

ಬಂದವರಿಗೇನು ಕಡಿಮೆಯಿಲ್ಲ. ಕತ್ತೆ ಕಳೆದುಕೊಂಡವರು, ಬೀಗದ ಕೈ ಕಳೆದುಕೊಂಡವರು, ಒಂದೇ ಚಪ್ಪಲಿ ಹಿಡಿದುಕೊಂಡು ಬರುವ ಹೊಸ ಸೊಸೆಯರು. ಒಂದು ಸಲ ಕೊತ್ತಂಬರಿಯ ರಾಶಿಯಲ್ಲಿ ಕಟ್ಟಿಸಿದ ಹಲ್ಲು ಬಿದ್ದುಹೋದ ಮುದುಕನೊಬ್ಬ ಬಂದು, ಬಾಯಿ ಮುಚ್ಚಿಕೊಂಡೇ ಸನ್ನೆಯಲ್ಲಿ ಅಹವಾಲು ಹೇಳಿಕೊಂಡಿದ್ದ. ಬೂಶ್ತಾ ನಗಲಿಲ್ಲ. ಕಳೆದುಕೊಂಡವನ ಮುಂದೆ ನಗಬಾರದು ಎಂದು ಅವನಪ್ಪ ಕಲಿಸಿದ್ದ. ಆ ಅಪ್ಪ, ಕದ್ದೂರ, ಅವನೂ ಕೂಗುವವನೇ.

ಕೂಗುವುದಕ್ಕೆ ಒಂದು ಕ್ರಮವಿದೆ. ಮೊದಲು ಧಾನ್ಯದ ಸಾಲು, ಆಮೇಲೆ ಉಣ್ಣೆಯ ಸಾಲು, ಕೊನೆಗೆ ಕುರಿದೊಡ್ಡಿಯ ಪಕ್ಕದ ಕೂಗುಗಲ್ಲು. ಮೂರೇ ಸುತ್ತು. ಕಳೆದುಕೊಂಡವರು ಗುರುತು ಹೇಗೆ ಹೇಳಿದರೋ ಹಾಗೇ ಕೂಗಬೇಕು, ತನ್ನದೊಂದು ಮಾತು ಸೇರಿಸಬಾರದು. ಕೊನೆಯಲ್ಲಿ, “ಕಂಡೋರು, ಕೇಳಿದೋರು ಹೇಳ್ರಪ್ಪೋ, ದೇವರು ನಿಮ್ಮ ಹೆತ್ತವರಿಗೆ ಕರುಣೆ ತೋರಲಿ!” ಎನ್ನಬೇಕು. ಅದಕ್ಕೆ ಸಂತೆಯಲ್ಲಿ ಇದ್ದವರೆಲ್ಲ, ತಕ್ಕಡಿ ಹಿಡಿದವರೂ ಸಹ, “ದೇವರು ಸಿಗಿಸಲಿ” ಅನ್ನಬೇಕು. ಯಾರಿಗಾದರೂ ನೆನಪಿಟ್ಟುಕೊಳ್ಳುವ ಮನಸ್ಸಿದ್ದರೆ ಅವರು ಗುರುತನ್ನು ಇನ್ನೊಮ್ಮೆ ಕೇಳುತ್ತಾರೆ. ಕೇಳಿದರೆಂದರೆ ಹುಡುಕುವ ಭಾರದಲ್ಲಿ ಒಂದು ಪಾಲು ಅವರ ಹೆಗಲಿಗೂ ಬಂತು ಎಂದು ಅರ್ಥ.

ಇನ್ನೊಂದು ಕಟ್ಟಳೆಯಿತ್ತು, ಅದು ಅಪ್ಪನದು. ತಾನಾಗಿ ಕೈಯೆತ್ತಿ ಕೊಟ್ಟದ್ದನ್ನು ಕೂಗುವ ಹಾಗಿಲ್ಲ. ಹೇಸರಗತ್ತೆ ಮಾರಿ ಎರಡೇ ದಿನಕ್ಕೆ ಕರುಳು ಕಿತ್ತುಬಂದವನೊಬ್ಬ, ಅದನ್ನು ಯಾರಿಗೆ ಮಾರಿದೆನೋ ಅವರ ಪತ್ತೆಗಾಗಿ ಕೂಗು ಎಂದು ಅಂಗಲಾಚಿದಾಗ ಅಪ್ಪ, “ಹಗ್ಗ ಕೈಗಿಟ್ಟು ಕೊಟ್ಟೋನು ನೀನೇ ತಾನೇ? ಹೋಗಯ್ಯಾ, ಕಳೆದಿರೋದು ನಿನ್ನ ಬುದ್ಧಿ, ಬೇಕಾದ್ರೆ ಅದನ್ನ ಕೂಗ್ತೀನಿ” ಎಂದಿದ್ದ. ಸಂತೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಪಕ್ಕದಲ್ಲಿದ್ದ ಬೂಶ್ತಾನಿಗೆ ಮಾತ್ರ ನಗು ಬರಲಿಲ್ಲ. ಯಮ್ನಾ ಹೋಗಿ ಆಗ ಮೂರು ವರ್ಷವಾಗಿತ್ತು.

ಯಮ್ನಾ ಅವನ ತಂಗಿ. ಪಟ್ಟಣದ ದೊಡ್ಡ ಮನೆಯೊಂದಕ್ಕೆ ಪುಟ್ಟ ಕೆಲಸದ ಹುಡುಗಿ ಬೇಕೆಂದು ಒಬ್ಬ ಹೆಂಗಸು ಸಂತೆಗೆ ಬಂದಿದ್ದಳು. ಮಗು ಆಡಿಸಿಕೊಂಡಿದ್ದರೆ ಸಾಕು, ಹೊಟ್ಟೆ ತುಂಬ ಊಟ, ಮೈ ತುಂಬ ಬಟ್ಟೆ ಅಂದಳು. ಮನೆಯಲ್ಲಿ ಆರು ಬಾಯಿ. ಅಪ್ಪ ಒಪ್ಪಿದ. ಯಮ್ನಾಳಿಗೆ ಏಳು ವರ್ಷ. ಬಸ್ಸಿನ ಬಾಗಿಲಲ್ಲಿ ಅವಳು ಹಿಡಿದುಕೊಂಡದ್ದು ಅಪ್ಪನನ್ನಲ್ಲ, ಅಮ್ಮನನ್ನಲ್ಲ, ಹತ್ತು ವರ್ಷದ ಅಣ್ಣನ ತೋಳನ್ನು. ಅವಳ ಎಡ ಅಂಗೈಯಲ್ಲಿ ರೊಟ್ಟಿ ಹೆಂಚು ಮುಟ್ಟಿ ಸುಟ್ಟ ಕಲೆಯಿತ್ತು, ಆ ಕೈಯಿಂದ. ಅಪ್ಪ ಬೂಶ್ತಾನತ್ತ ಕಣ್ಣು ದೊಡ್ಡದು ಮಾಡಿದ. ಬೂಶ್ತಾ ಒಂದೊಂದೇ ಬೆರಳು ಬಿಡಿಸಿದ. “ಸಮುದ್ರ ತೋರಿಸ್ತಾರೆ ಕಣೇ, ಬರೋ ಗುರುವಾರ ಬಂದ್ಬಿಡ್ತೀಯ, ನಾನಿಲ್ಲೇ ಇರ್ತೀನಿ” ಅಂದ. ಅವಳು ನಂಬಿದಳು. ಅಳು ನಿಲ್ಲಿಸಿ ಬಸ್ಸು ಹತ್ತಿದಳು.

ವರ್ಷ ತಿರುಗುವುದರೊಳಗೆ ಆ ಮಧ್ಯಸ್ಥಿಕೆಯ ಹೆಂಗಸು ಸತ್ತಳು. ಮನೆ ಯಾವುದೆಂದು ಗೊತ್ತಿದ್ದದ್ದು ಅವಳೊಬ್ಬಳಿಗೇ. ಅಪ್ಪ ಒಂದು ಸಲ ಪಟ್ಟಣಕ್ಕೆ ಹೋಗಿ ಎಂಟು ದಿನ ಬೀದಿ ಬೀದಿ ಅಲೆದು ವಾಪಸು ಬಂದ. ಬಂದವನು ಮತ್ತೆ ಅವಳ ಹೆಸರೆತ್ತಲಿಲ್ಲ. ಊರಿನ ಕತ್ತೆಗಳಿಗೆಲ್ಲ ಕೂಗಿದವನು ಮಗಳಿಗೆ ಮಾತ್ರ ಕೂಗಲಿಲ್ಲ. ಅಮ್ಮ ಸಾಯುವ ಮುಂಚೆ ಬೂಶ್ತಾನ ಕೈ ಹಿಡಿದು, “ನಿಮ್ಮಪ್ಪ ಅಂತೂ ಕೂಗ್ಲಿಲ್ಲ. ನೀನಾದ್ರೂ ಒಂದೇ ಒಂದು ಸಲ ಕೂಗಪ್ಪ” ಅಂದಿದ್ದಳು. ಅವನು ಹೂಂ ಅಂದಿದ್ದ. ಅದಾಗಿ ಹತ್ತೊಂಬತ್ತು ವರ್ಷ. ಪ್ರತಿ ಗುರುವಾರ ಕೂಗುಗಲ್ಲು ಹತ್ತಿದ ತಕ್ಷಣ ಆ ಹೆಸರು ನಾಲಗೆಯ ತುದಿಗೆ ಬರುತ್ತಿತ್ತು, ಅವನು ನುಂಗಿಕೊಳ್ಳುತ್ತಿದ್ದ. ಸತ್ತ ಅಪ್ಪನ ಮಾನ ಹರಾಜಿಗಿಡಬೇಕಲ್ಲ ಎಂಬುದು ಒಂದು. ಬೆರಳು ಬಿಡಿಸಿದವನು ತಾನೇ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದು.

ಈ ವರ್ಷ ದಾಳಿಂಬೆಯ ಕಾಲದ ಒಂದು ಗುರುವಾರ. ಬೂಶ್ತಾ ಹಮ್ಮಾದಿಯ ಚಹಾ ಡೇರೆಯಲ್ಲಿ ಕೂತು ಗಂಟಲಿಗೆ ಬಿಸಿ ತೋರಿಸುತ್ತಿದ್ದ. ಹಮ್ಮಾದಿ ಅವನ ಗೆಳೆಯ. ಗೆಳೆಯನಾದ್ದರಿಂದಲೇ ಮಾತಿಗೆ ಲಂಗುಲಗಾಮಿಲ್ಲ.

“ನಿನ್ನ ದನಿ ಕೆಟ್ಟೋಯ್ತು ಕಣೋ. ಬೆಳಿಗ್ಗೆ ನೀನು ಕೂಗಿದ್ದಕ್ಕೆ ದೊಡ್ಡಿಯಲ್ಲಿ ಒಂದು ಹೋತ ಎದ್ದು ನಿಂತು ಉತ್ತರ ಕೊಡ್ತು.”

“ಹೋತಕ್ಕಾದ್ರೂ ಮರ್ಯಾದೆ ಇದೆ, ಕರೆದ್ರೆ ಓಗೊಡುತ್ತೆ. ನಿನ್ನನ್ನ ಚಹಾ ತಾ ಅಂತ ಕರೆದು ಎಷ್ಟೊತ್ತಾಯ್ತು?”

ಆಗ ಒಬ್ಬ ಹೆಂಗಸು ಡೇರೆಯ ಬಾಯಲ್ಲಿ ಬಂದು ನಿಂತಳು. ಐವತ್ತೈದರ ಆಸುಪಾಸು. ಪಟ್ಟಣದವರ ಹಾಗೆ ಕಟ್ಟಿದ ತಲೆವಸ್ತ್ರ, ಬೂದು ಬಣ್ಣದ ನಿಲುವಂಗಿ, ಕೈಯಲ್ಲೊಂದು ಚೀಲ. ಪಾದದ ಮೇಲೆ ನಾಲ್ಕೂರಿನ ಧೂಳು.

“ಅಣ್ಣಾ, ಕೂಗೋರು ನೀವೇನಾ?”

“ನಾನೇ ಲಲ್ಲಾ, ಬನ್ನಿ ಕೂತ್ಕೊಳ್ಳಿ. ಏನು ಕಳ್ಕೊಂಡ್ರಿ?”

“ಏನೂ ಕಳ್ಕೊಂಡಿಲ್ಲ. ಕಳೆದುಹೋಗಿರೋದು ನಾನೇ. ನನ್ನನ್ನೇ ಕೂಗ್ಬೇಕು.”

ಹಮ್ಮಾದಿಗೆ ತಡೆಯಲಾಗಲಿಲ್ಲ. “ಸರಿಹೋಯ್ತು! ಇಷ್ಟು ವರ್ಷ ಕತ್ತೆ ಕಳ್ಕೊಂಡೋರು ಬರ್ತಿದ್ರು, ಇವತ್ತು ಕತ್ತೆನೇ ಬಂತು” ಅಂದುಬಿಟ್ಟ. ಅಂದ ಮೇಲೆ ನಾಲಗೆ ಕಚ್ಚಿಕೊಂಡು, “ತಪ್ಪು ತಿಳ್ಕೋಬೇಡಿ ಅಕ್ಕಾ, ಬಾಯಿ ನನ್ನ ಮಾತು ಕೇಳಲ್ಲ” ಎನ್ನುತ್ತ ಗಡಿಬಿಡಿಯಲ್ಲಿ ಲೋಟ ತೊಳೆಯತೊಡಗಿದ.

ಅವಳು ನಕ್ಕಳು. “ಕತ್ತೆಗೆ ಮನೆ ದಾರಿ ಗೊತ್ತಿರುತ್ತೆ ಅಣ್ಣಾ. ನನಗೆ ಅದೂ ಗೊತ್ತಿಲ್ಲ.”

ನಮ್ಮಲ್ಲಿ ಗುರುತಿಲ್ಲದ ಹೆಂಗಸನ್ನು ಮರ್ಯಾದೆಗೆ ಲಲ್ಲಾ ಎನ್ನುವ ಹಾಗೆ ಕಂಡಕಂಡ ಗಂಡಸರನ್ನೆಲ್ಲ ಅಣ್ಣಾ ಎನ್ನುತ್ತಾರೆ. ಮಾಂಸದಂಗಡಿಯವನೂ ಅಣ್ಣನೇ, ಟಿಕೇಟು ಹರಿಯುವವನೂ ಅಣ್ಣನೇ. ಆದರೂ ಇವಳೇ ಯಮ್ನಾ ಇರಬಹುದೇ ಅನ್ನಿಸಿತು ಬೂಶ್ತಾನಿಗೆ. ಚಹಾದ ಲೋಟವನ್ನು ತಾನೇ ಎತ್ತಿ, ಬೇಕೆಂದೇ ಅವಳ ಎಡಗಡೆಗೆ ಚಾಚಿದ. ಅವಳು ಬಲಗೈ ನೀಡಿದಳು. ಬಿಸಿ ತಾಳದೆ ಎಡಗೈಗೆ ಬದಲಿಸಿದಳು. ಅಂಗೈ ಕಂಡಿತು. ನೆಲ ಒರೆಸಿ ಒರೆಸಿ ದಡ್ಡುಗಟ್ಟಿದ ಅಂಗೈ, ಆದರೆ ಸುಟ್ಟ ಕಲೆಯಿರಲಿಲ್ಲ. ಇವಳು ಯಮ್ನಾ ಅಲ್ಲ. ಪರರ ಕಷ್ಟದಲ್ಲಿ ತನ್ನ ಲಾಭ ಹುಡುಕಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು.

ಅವಳು ತನ್ನ ಕತೆ ಹೇಳಿದಳು. ದೊಡ್ಡ ಮನೆಯೊಂದರಲ್ಲಿ ನಲವತ್ತೆಂಟು ವರ್ಷ. ಅಲ್ಲಿ ಅವಳನ್ನು ಸಾದಿಯಾ ಎಂದು ಕರೆಯುತ್ತಿದ್ದರು, ಇಟ್ಟೋ ಎಂಬ ಹಳ್ಳಿಯ ಹೆಸರು ನಾಲಗೆಗೆ ಹತ್ತುವುದಿಲ್ಲವೆಂದು. ವಸಂತದಲ್ಲಿ ಯಜಮಾನಿ ತೀರಿಕೊಂಡಳು. ಮಕ್ಕಳು ಮನೆಗೆ ಬೀಗ ಹಾಕಿದರು. ಹೊರಗೆ ಬಂದು ನಿಂತಾಗ, ತನಗೊಂದು ಊರಿತ್ತು, ಊರಲ್ಲಿ ವಾರದ ಸಂತೆಯಿತ್ತು ಎಂಬುದು ನೆನಪಿತ್ತು, ಊರಿನ ಹೆಸರು ಮರೆತಿತ್ತು. ಅಂದಿನಿಂದ ಸಂತೆ ಸಂತೆ ತಿರುಗುತ್ತಿದ್ದಾಳೆ. ಇದು ಹತ್ತನೆಯದು.

ಬೂಶ್ತಾ ಗಡ್ಡ ಕೆರೆದುಕೊಂಡ. “ಒಂದು ಮಾತು ಕೇಳ್ತೀನಿ, ನೊಂದ್ಕೋಬೇಡಿ. ದಾರಿ ತಪ್ಪಿದ್ರೋ, ಇಲ್ಲ ಮನೆಯೋರೇ ಕೊಟ್ರೋ?”

“ಕೊಟ್ರು.”

“ಹಾಗಾದ್ರೆ ಕಷ್ಟ ಲಲ್ಲಾ. ಕೊಟ್ಟಿದ್ದನ್ನ ಕೂಗ್ಬಾರ್ದು ಅಂತ ನಮ್ಮಪ್ಪ ಹಾಕಿಟ್ಟ ಕಟ್ಟಳೆ.”

ಅವಳಿಗೆ ಸಿಟ್ಟು ಬರಲಿಲ್ಲ. ಲೋಟ ಕೆಳಗಿಟ್ಟು, “ಕೊಟ್ಟೋರು ಅವ್ರು ಅಣ್ಣಾ. ಕಳೆದುಹೋದೋಳು ನಾನು. ನಾನೇನು ಯಾರಿಗೂ ನನ್ನನ್ನ ಕೊಟ್ಟಿರ್ಲಿಲ್ವಲ್ಲ” ಅಂದಳು.

ಹಮ್ಮಾದಿ ಲೋಟ ತೊಳೆಯುವುದನ್ನು ನಿಲ್ಲಿಸಿದ. ಅಪ್ಪನ ಕಟ್ಟಳೆಯನ್ನು ಐವತ್ತು ವರ್ಷ ಬೂಶ್ತಾ ಅಪ್ಪ ನಿಂತ ಕಡೆಯಿಂದಲೇ ನೋಡಿದ್ದ. ಎದ್ದು ನಿಂತು, “ಗುರುತು ಹೇಳಿ” ಅಂದ.

ಧಾನ್ಯದ ಸಾಲಿನಲ್ಲಿ ಮೊದಲ ಸುತ್ತು ಶುರುವಾಯಿತು. “ಕೇಳ್ರಪ್ಪೋ ಕೇಳಿ! ಇಟ್ಟೋ ಅನ್ನೋ ಏಳು ವರ್ಷದ ಹುಡುಗಿ! ಮನೆ ಮುಂದೆ ಅಕ್ರೋಟ ಮರ, ಮರದ ಬುಡದಲ್ಲಿ ಒರತೆ! ತಾಯಿ ಗಲ್ಲದ ಮೇಲೆ ಗೋಧಿ ತೆನೆ ಹಚ್ಚೆ! ಒಕ್ಕಣ್ಣಿನ ಕಂದು ನಾಯಿ!” ಜನ ಮಗು ಎಲ್ಲಿ ಎಂದು ಹುಡುಕಿದರು. ಅವನ ಹಿಂದೆ ಬರುತ್ತಿದ್ದ ನರೆತ ಹೆಂಗಸನ್ನು ಕಂಡು ಒಂದಿಬ್ಬರು ನಕ್ಕರು. ಅರ್ಥವಾದ ಮೇಲೆ ಆ ನಗು ಬಾಯಲ್ಲೇ ಒಣಗಿತು.

ಉಣ್ಣೆಯ ಸಾಲಿನಲ್ಲಿ ಯಾರೂ ನಗಲಿಲ್ಲ. ಅಲ್ಲಿ ಕೂರುವವರು ಹೆಂಗಸರು. ಗಲ್ಲಕ್ಕೆ ಹಚ್ಚೆಯಿದ್ದ ಮುದುಕಿಯೊಬ್ಬಳು ಕದಿರು ಕೆಳಗಿಟ್ಟು ಎದ್ದು ಬಂದಳು. ಇಟ್ಟೋಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಹಣೆ ಸವರಿದಳು. “ಅಲ್ಲ ತಾಯಿ. ನಮ್ಮದಕ್ಕೆ ಹುಬ್ಬಿನ ಮೇಲೆ ಗಾಯ ಇತ್ತು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋಗಿ ಕೂತಳು. ಅವಳ ಹಿಂದೆಯೇ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಯಾರೂ ತಮ್ಮದು ಇಂಥದ್ದು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಬಂದು ನೋಡಿ ಹೋದರು. ನಮ್ಮೂರಲ್ಲಿ ಮಗಳನ್ನು ಕೊಟ್ಟು ಕಳೆದುಕೊಂಡ ಮನೆ ತನ್ನದೊಂದೇ ಎಂದುಕೊಂಡಿದ್ದ ಬೂಶ್ತಾ.

ಕೂಗುಗಲ್ಲಿನ ಮೇಲಿಂದ ಮೂರನೆಯ ಸುತ್ತೂ ಆಯಿತು. “ದೇವರು ಸಿಗಿಸಲಿ” ಎಂದು ಸಂತೆ ಮನಸಾರೆ ಹೇಳಿತು. ಅದರಾಚೆಗೆ ಉತ್ತರ ಬರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವನು ಅವಳನ್ನು ಬಸ್ಸಿನವರೆಗೆ ಬಿಡಲು ಹೋದ. ಬಸ್ಸು ನಿಲ್ಲುವ ಜಾಗ ಇಂದಿಗೂ ಅದೇ, ನೀಲಗಿರಿ ಮರದ ಕೆಳಗೆ. ಹಮ್ಮಾದಿ ಓಡಿ ಬಂದು ರೊಟ್ಟಿಯ ಒಂದು ಗಂಟನ್ನು ಅವಳ ಚೀಲಕ್ಕೆ ತುರುಕಿ, ಈ ಸಲ ಏನೂ ಮಾತಾಡದೆ ಹೋದ.

“ನಾಳೆ ಗುಡ್ಡದ ಆಚೆ ಶುಕ್ರವಾರದ ಸಂತೆಯಂತೆ. ಅಲ್ಲೂ ಕೂಗೋರಿದ್ದಾರಾ ಅಣ್ಣಾ?”

“ಇದ್ದಾನೆ. ನನ್ನಷ್ಟು ಗಂಟಲಿಲ್ಲ. ನನ್ನ ಹೆಸರು ಹೇಳಿ.” ಸ್ವಲ್ಪ ತಡೆದು ಕೇಳಿದ: “ಸಿಕ್ಕಿದ್ರು ಅಂತಿಟ್ಕೊಳ್ಳಿ. ಏನು ಕೇಳ್ತೀರಿ ಅವ್ರನ್ನ? ಯಾಕೆ ಕೊಟ್ರಿ ಅಂತಾನಾ?”

ಅವಳು ಬಸ್ಸಿನ ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಿದ್ದಳು. “ಇಲ್ಲ ಅಣ್ಣಾ. ಅದು ಗೊತ್ತಿರೋದೇ, ಹಸಿವು. ನಾನು ಕೇಳೋದು ಒಂದೇ. ಆಮೇಲೆ ಯಾವಾಗಾದ್ರೂ, ಒಂದು ಸಲನಾದ್ರೂ ನನ್ನನ್ನ ಕೂಗಿದ್ರಾ ಅಂತ.”

ಬೂಶ್ತಾ ಸಂತೆಯ ಕಡೆಗೆ ತಿರುಗಿ ನಡೆದ. ಅರವತ್ತು ವರ್ಷದ ಮಂಡಿ, ಆದರೂ ನಡಿಗೆ ಓಟವಾಯಿತು. ಸಂತೆ ಮುಗಿಯುತ್ತಿತ್ತು. ಡೇರೆಗಳ ಗೂಟ ಕೀಳುತ್ತಿದ್ದರು, ಕತ್ತೆಗಳ ಮೇಲೆ ಗೋಣಿ ಹೇರುತ್ತಿದ್ದರು. ಅವನು ಕೂಗುಗಲ್ಲು ಹತ್ತಿದ. ನಾಲ್ಕನೆಯ ಸುತ್ತು ಯಾರೂ ಕಂಡದ್ದಲ್ಲ, ಜನ ಗೂಟ ಹಿಡಿದ ಕೈಯಲ್ಲೇ ತಲೆಯೆತ್ತಿ ನೋಡಿದರು.

“ಕೇಳ್ರಪ್ಪೋ ಕೇಳಿ!” ಕೆಮ್ಮಿ, ಇನ್ನೊಮ್ಮೆ ಹಿಡಿದ. “ಯಮ್ನಾ ಅನ್ನೋ ಏಳು ವರ್ಷದ ಹುಡುಗಿ! ಕೂಗೋ ಕದ್ದೂರನ ಮಗಳು! ಕೈಯಲ್ಲಿ ಹೆಂಚಿನ ಸುಟ್ಟ ಕಲೆ! ಅಲ್ಲಿ ಅವಳಿಗೆ ಏನು ಹೆಸರಿಟ್ರೋ ಗೊತ್ತಿಲ್ಲ! ಅಪ್ಪ ಕೊಟ್ಟ, ಬೆರಳು ಬಿಡಿಸಿದ್ದು ನಾನು! ಬರೋ ಗುರುವಾರ ಬಂದ್ಬಿಡ್ತೀಯ ಅಂತ ಸುಳ್ಳು ಹೇಳಿದ್ದೂ ನಾನು! ನಾನು ಇಲ್ಲೇ ಇದ್ದೀನಿ! ಅವತ್ತಿಂದ ಒಂದು ಗುರುವಾರನೂ ತಪ್ಪಿಸಿಲ್ಲ ಅಂತ ಅವಳಿಗೆ ಹೇಳ್ರಪ್ಪೋ! ಕಂಡೋರು, ಕೇಳಿದೋರು ಹೇಳಿ, ದೇವರು ನಿಮ್ಮ ಹೆತ್ತವರಿಗೆ ಕರುಣೆ ತೋರಲಿ!”

ಕುರಿಗಳು ಕೂಡ ಸುಮ್ಮನಿದ್ದವು ಎಂದು ಹಮ್ಮಾದಿ ಇವತ್ತಿಗೂ ಹೇಳುತ್ತಾನೆ. ಅವನ ಮಾತು ನಂಬುವ ಹಾಗಿಲ್ಲ. ಆದರೆ ಉಣ್ಣೆಯ ಸಾಲಿನಿಂದ ಮೊದಲು ಹೆಂಗಸರ ದನಿಯಲ್ಲಿ, ಆಮೇಲೆ ಎಲ್ಲ ಕಡೆಯಿಂದ “ದೇವರು ಸಿಗಿಸಲಿ” ಎಂದು ಬಂದದ್ದು ನಿಜ. ಬೂಶ್ತಾ ಬಿಕ್ಕುತ್ತ ಕಲ್ಲಿನ ಮೇಲೇ ಕೂತ.

ಹೊರಟಿದ್ದ ಬಸ್ಸು ದೊಡ್ಡಿಯ ಬೇಲಿಯ ಹತ್ತಿರ ನಿಂತುಬಿಟ್ಟಿತ್ತು. ಕಿಟಕಿಯಿಂದ ಇಟ್ಟೋ ಅರ್ಧ ಮೈ ಹೊರಗೆ ಹಾಕಿ ಕೂಗಿದಳು.

“ಅಣ್ಣಾ! ಸುಟ್ಟ ಕಲೆ ಯಾವ ಕೈ?”

ಅವನು ಕಲ್ಲಿನ ಮೇಲಿಂದಲೇ ತನ್ನ ಎಡಗೈ ಎತ್ತಿ ತೋರಿಸಿದ.

“ಎಡಗೈ.”

“ಎಡಗೈ” ಎಂದು ಅವಳು ತನ್ನ ಎಡಗೈಯನ್ನು ಮುಷ್ಟಿ ಕಟ್ಟಿ ಹಿಡಿದುಕೊಂಡಳು. “ನಾಳೆ ನನ್ನ ಜೊತೆ ಅವಳನ್ನೂ ಕೂಗಿಸ್ತೀನಿ.”