ಹರಿವಾಣಕ್ಕೆ ಬಾರದ ತಿಂಡಿ

ಮನೆಗೆ ಬಂದವರ ಮುಂದೆ ತಿಂಡಿ ಜೋಡಿಸಿಡುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಕಳ್ಳನೊಬ್ಬ ಬೀಗ ತೆಗೆಯುವುದರಲ್ಲಿ ತಾನು ಜಾಣ ಅಂದರೆ ಅದು ನಿಜವೇ ಇರಬಹುದು, ಅದರಿಂದ ಅವನ ಮರ್ಯಾದೆಯೇನೂ ಹೆಚ್ಚುವುದಿಲ್ಲವಲ್ಲ. ನನ್ನ ಜಾಣತನವೂ ಅದೇ ಜಾತಿಯದು.

ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ಮಗಳು ಗೀತಾ ತಿದ್ದುತ್ತಾಳೆ. ವಿಷಯ ತಿದ್ದುವುದಕ್ಕೆ ಮಾತ್ರ ಅವಳಿಗೆ ಬಿಟ್ಟಿಲ್ಲ. ಅವಳು ಒಳ್ಳೆಯವಳು, ಈಗ ತಾನೂ ತಾಯಿಯಾಗಿದ್ದಾಳೆ, ಅಮ್ಮನನ್ನು ಉಳಿಸಿಬಿಡುತ್ತಾಳೆ.

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ಹರಿವಾಣ ಇತ್ತು. ಮದುವೆಯಲ್ಲಿ ಬಂದದ್ದು, ಕೂಸನ್ನು ಕೂರಿಸಿ ನೀರು ಹಾಕಬಹುದು, ಅಷ್ಟು ಅಗಲ. ನೆಂಟರು ಬಂದರೆ ಎಲ್ಲವನ್ನೂ ಅದರಲ್ಲೇ ಜೋಡಿಸಿ ನಡುಮನೆಯಲ್ಲಿ ಇಡುತ್ತಿದ್ದೆ, ಬೇಕಾದವರು ಬೇಕಾದ್ದು ತೆಗೆದುಕೊಳ್ಳಲಿ ಎಂದು. ಸುರಿದರೆ ಆಗಲಿಲ್ಲ, ಅದಕ್ಕೊಂದು ಕ್ರಮವಿದೆ. ಒಂದೇ ಬಣ್ಣದ ಎರಡು ತಿಂಡಿ ಪಕ್ಕಪಕ್ಕ ಕೂರಬಾರದು. ಇದನ್ನು ಬನಶಂಕರಿ ಗುಡಿಯ ಮುಂದೆ ಹೂ ಕಟ್ಟುವ ಹೆಂಗಸರನ್ನು ನೋಡಿ ಕಲಿತೆ. ಹಣ್ಣಿನ ಪಸೆ ಚಕ್ಕುಲಿಗೆ ತಗಲಬಾರದು. ನಿಪ್ಪಟ್ಟು ಮುರಿದಿದ್ದರೆ ಮುರಿದ ಅಂಚು ಕೋಡುಬಳೆಯ ರಾಶಿಯ ಕೆಳಗೆ, ದುಂಡಗಿರುವ ಅಂಚು ನೆಂಟರ ಕಡೆಗೆ. ಏಳು ಬಿಸ್ಕತ್ತನ್ನು ಬೀಸಣಿಗೆಯ ಹಾಗೆ ಹರಡಿದರೆ ಹನ್ನೆರಡು ಇದ್ದಂತೆ ಕಾಣುತ್ತದೆ. ಗೋಡಂಬಿ ಮೇಲೆ, ಹುರಿದ ಅವಲಕ್ಕಿ ಕೆಳಗೆ. ಹೀಗೆ ನೋಡಿದರೆ ಅಡುಗೆ ಮಾಡುವವರು ಬೇರೆ, ಜೋಡಿಸುವವರು ಬೇರೆ. ಅಡುಗೆ ಮಾಡುವವರಿಗೆ ಏನು ಹಾಕಬೇಕು ಎಂಬ ಚಿಂತೆ. ಜೋಡಿಸುವವರಿಗೆ ಏನು ಮುಚ್ಚಿಡಬೇಕು ಎಂಬ ಚಿಂತೆ.

ನಾನು ಮುಚ್ಚಿಡುತ್ತಿದ್ದದ್ದು ಮುರಿದ ನಿಪ್ಪಟ್ಟೊಂದನ್ನೇ ಅಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮವರು ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಜಯನಗರದಲ್ಲಿ ಒಂದು ಮಹಡಿ ಮನೆ ಬಾಡಿಗೆಗಿದೆ ಅಂತ ತಿಳಿದು ಇಬ್ಬರೂ ಹೋದೆವು. ಕೆಳಗಿನ ಮನೆಯಲ್ಲಿ ಓನರ್ ಶಾರದಮ್ಮನವರು. ಎಷ್ಟು ಜನ, ಎಲ್ಲಿ ಕೆಲಸ ಎಂದು ಕೇಳುವುದಕ್ಕೂ ಮೊದಲು ಅವರು ಕೇಳಿದ ಪ್ರಶ್ನೆ ಒಂದೇ:

"ನೀವು ತಿನ್ನೋ ಪೈಕಿನಾ?"

"ಇಲ್ಲ ಅಮ್ಮ, ನಾವು ಮುಟ್ಟಲ್ಲ," ಅಂದರು ನಮ್ಮವರು. ಹಿಂದಿನ ರಾತ್ರಿ ತಿಂದ ಕೋಳಿಸಾರು ಅವರ ಹೊಟ್ಟೆಯಲ್ಲಿ ಇನ್ನೂ ಪೂರ್ತಿ ಕರಗಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸಿದೆ. ತಪ್ಪು ಗಂಡನದು ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ಮನೆಯಲ್ಲಿ ಎರಡು ನಲ್ಲಿ ಇತ್ತು, ನನಗೆ ಆ ಮನೆ ಬೇಕಿತ್ತು.

ಮನೆ ಸಿಕ್ಕಿತು. ಮನೆಯಲ್ಲಿ ಮಾಂಸ ಬೇಯಿಸುವುದು ನಿಂತಿತು. ಭಾನುವಾರ ಬಂದರೆ ಮೂವರೂ ಅರೆಕೆರೆಗೆ ಬಸ್ಸು ಹತ್ತುತ್ತಿದ್ದೆವು. ಅರೆಕೆರೆ ಆಗ ಹಳ್ಳಿ, ಅಲ್ಲಿ ನಮ್ಮವ್ವ ಇದ್ದಳು. ಬಾಡಿನ ಸಾರು, ಮುದ್ದೆ ಉಂಡು ಸಾಯಂಕಾಲ ಕೈಗೆ ಸೀಗೇಪುಡಿ ಹಾಕಿ ಉಜ್ಜಿಕೊಂಡು ವಾಪಸ್ಸು. "ಜಯನಗರದ ಮನೇಲಿ ಒಲೆ ಸಣ್ಣದು, ಅನುಕೂಲ ಆಗಲ್ಲ ಅವ್ವ," ಅಂದಿದ್ದೆ. ಮಗಳು ತನ್ನ ಕೈಯಡುಗೆಗೆ ಆಸೆಪಟ್ಟು ವಾರವಾರ ಬರುತ್ತಾಳೆ ಅಂತ ಅವಳು ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದೆ.

ಅವ್ವನ ಕೈಯಲ್ಲಿ ಒಂದು ವಿದ್ಯೆ ಇತ್ತು, ಉಪ್ಪುಕಂಡ. ಮಾಂಸವನ್ನು ರಿಬ್ಬನ್ನಿನ ಹಾಗೆ ಉದ್ದಕ್ಕೆ ಕೊಯ್ದು, ಉಪ್ಪು, ಅರಿಶಿನ, ಖಾರದ ಪುಡಿ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟಬೇಕು. ಹಗಲೆಲ್ಲ ಕೋಲು ಹಿಡಿದು ಕಾಗೆ ಕಾಯಬೇಕು, ರಾತ್ರಿ ಒಲೆಯ ಮೇಲೆ ಹೊಗೆಗೆ ತೂಗುಹಾಕಬೇಕು. ಕಟ್ಟಿಗೆಯ ಹಾಗೆ ಒಣಗಿದ ಮೇಲೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ಕಲ್ಲಿನಿಂದ ಜಜ್ಜಿ ಎಣ್ಣೆಯಲ್ಲಿ ಕರಿದರೆ ಆಯಿತು. ಮಳೆ ದಿನ ಅದರ ಎರಡು ಚೂರು ಮುದ್ದೆಯ ಪಕ್ಕದಲ್ಲಿದ್ದರೆ ಬೇರೆ ಯಾವ ಭಾಗ್ಯವೂ ಬೇಡ. ಗೀತಾಗೆ ಅದೆಂದರೆ ಪ್ರಾಣ.

ಇತ್ತ ಶಾರದಮ್ಮನವರು ಒಂದು ವರ್ಷವಾದರೂ ನಮ್ಮ ಮನೆಯಲ್ಲಿ ಬಾಳೆಹಣ್ಣು ಬಿಟ್ಟು ಬೇರೆ ಏನನ್ನೂ ಬಾಯಿಗೆ ಹಾಕಿರಲಿಲ್ಲ. ಬಾಳೆಹಣ್ಣಿಗೆ ಸಿಪ್ಪೆ ಇದೆ, ನಮ್ಮ ಕೈ ಒಳಗೆ ತಗಲುವುದಿಲ್ಲ. ಮನಸ್ಸು ಕೆಟ್ಟದ್ದಲ್ಲ, ಗೀತಾಗೆ ಪುಸ್ತಕ ಕೊಡುತ್ತಿದ್ದರು, ಜ್ವರ ಬಂದರೆ ಕಷಾಯ ಕಳಿಸುತ್ತಿದ್ದರು. ಅವರದು ಕೊಡುವ ಕೈ, ನಮ್ಮಿಂದ ತೆಗೆದುಕೊಳ್ಳುವ ಕೈ ಅಲ್ಲ. ನನಗೋ ಒಂದೇ ಹಟ ಹಿಡಿದಿತ್ತು. ಈ ಹೆಂಗಸು ಒಂದು ದಿನ ನನ್ನ ಕೈಯಲ್ಲಿ ಕರಿದದ್ದನ್ನು ತಿನ್ನಬೇಕು.

ಗೀತಾ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಳು. ಆ ನೆಪದಲ್ಲಿ ಶಾರದಮ್ಮನವರನ್ನೂ ಬೀದಿಯ ಇನ್ನಿಬ್ಬರು ಹೆಂಗಸರನ್ನೂ ಮಧ್ಯಾಹ್ನ ಮೂರಕ್ಕೆ ಕರೆದೆ. ಹಿಂದಿನ ದಿನವೇ ತಲೆಗೆ ಸ್ನಾನ ಮಾಡಿ ಹೊಸ ಎಣ್ಣೆಯಲ್ಲಿ ಕೋಡುಬಳೆ ಕರಿದೆ, ಚಕ್ಕುಲಿ ಕರಿದೆ. ಅವತ್ತು ಹರಿವಾಣ ಜೋಡಿಸಿದ ಹಾಗೆ ನಾನು ಹಿಂದೆಂದೂ ಜೋಡಿಸಿರಲಿಲ್ಲ. ನಡುವೆ ಕೋಡುಬಳೆಯ ಗೋಪುರ, ಸುತ್ತ ಚಕ್ಕುಲಿ, ಆಮೇಲೆ ಖಾರದ ಕಡಲೆಬೀಜ, ಬೇಕರಿಯ ಬಿಸ್ಕತ್ತು, ಸೀಬೆಹಣ್ಣಿನ ಹೋಳು, ದ್ರಾಕ್ಷಿ, ಅಂಚಿಗೆ ಒಂದು ಸುತ್ತು ಗೋಡಂಬಿ. ನಾಲ್ಕು ಊದುಬತ್ತಿ ಹಚ್ಚಿದೆ. ಹೆಂಗಸರು ಬಂದು ಕೂತರು. ಶಾರದಮ್ಮನವರು ಹರಿವಾಣವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದು, ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು. ನನಗೆ ಆಗ ಆದ ಸಂತೋಷ ಗೀತಾ ಪಾಸಾದಾಗಲೂ ಆಗಿರಲಿಲ್ಲ. ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ನಿಜ.

ಕಾಫಿಗೆಂದು ಅಡುಗೆಮನೆಗೆ ಹೋದರೆ ಹಿಂದಿನ ಮೆಟ್ಟಿಲು ಹತ್ತಿ ಅವ್ವ ಬಂದು ನಿಂತಿದ್ದಾಳೆ. ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ.

"ಮೊಗ ಪಾಸಾಯ್ತಂತಲ್ಲವ್ವಾ! ಹಾಲ್ನೋನು ಹೇಳ್ದ. ಅದುಕ್ಕೆ ಇಷ್ಟ ಅಂತ ರಾತ್ರಿನೇ ಕರ್ದು ತಂದಿವ್ನಿ."

"ಕೂತ್ಕೊ ಅವ್ವ, ಒಳಗೆ ಜನ ಇದಾರೆ, ಬಂದೆ," ಅಂದು ಕಾಫಿ ಲೋಟ ಹೊತ್ತುಕೊಂಡು ಓಡಿದೆ. ಡಬ್ಬಿ ತೆಗೀಬೇಡ ಅಂತ ಹೇಳಲಿಲ್ಲ. ಯಾಕೆ ತೆಗೆಯಬಾರದು ಅಂತ ಅವಳು ಕೇಳಿದರೆ ಏನು ಹೇಳುವುದು? ಆ ಮನೆಯ ಸುಳ್ಳು ಅವಳಿಗೆ ಗೊತ್ತೇ ಇರಲಿಲ್ಲವಲ್ಲ.

ನಾನು ಕಾಫಿ ಕೊಟ್ಟು ಬರುವಷ್ಟರಲ್ಲಿ ಅವ್ವ ಒಂದು ಸ್ಟೀಲ್ ತಟ್ಟೆ ತೊಳೆದು, ಮೊಮ್ಮಗಳಿಗೆಂದು ಉಪ್ಪುಕಂಡವನ್ನು ಅದರಲ್ಲಿ ನೀಟಾಗಿ ಹರಡಿಟ್ಟಿದ್ದಳು, ಬೀಸಣಿಗೆಯ ಹಾಗೆ. ಜೋಡಿಸುವ ಕೈ ನನಗೆ ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯಿತು. ಎತ್ತಿಡುವುದಕ್ಕೆ ಬಗ್ಗಿದೆ, ಅಷ್ಟರಲ್ಲಿ ಹಿಂದೆ ಬಳೆಯ ಸದ್ದು.

"ಇನ್ನೆರಡು ಕೋಡುಬಳೆ ಇದ್ಯೇನ್ರೀ? ಬಾಯಲ್ಲಿಟ್ರೆ ಕರಗುತ್ತೆ ಕಣ್ರೀ!" ಒಂದು ವರ್ಷ ನಮ್ಮ ಅಡುಗೆಮನೆಯ ಹೊಸಲು ತುಳಿಯದ ಶಾರದಮ್ಮನವರು ಒಳಗೇ ಬಂದುಬಿಟ್ಟಿದ್ದರು. ಕಣ್ಣು ತಟ್ಟೆಯ ಮೇಲೆ ಬಿತ್ತು. "ಓಹೋ, ಬಾಳಕದ ಮೆಣಸಿನಕಾಯಿ ಕರಿದು ಬಚ್ಚಿಟ್ಕೊಂಡಿದ್ದೀರಾ! ನಮಗೆಲ್ಲ ಬರೀ ಕೋಡುಬಳೆನಾ?" ಅಂತ ನಗುತ್ತಾ ಕೈ ಚಾಚಿದರು.

ನಿಜ ಹೇಳಿದರೆ ಮನೆ ಹೋಗುತ್ತದೆ. ಸುಮ್ಮನಿದ್ದರೆ ಹುಟ್ಟಿದಾಗಿನಿಂದ ಮುಟ್ಟದವರ ಬಾಯಿಗೆ ಮಾಂಸ ಹೋಗುತ್ತದೆ. ಅಷ್ಟು ದೊಡ್ಡ ಪಾಪ ಮಾಡುವ ಧೈರ್ಯ ನನಗಿರಲಿಲ್ಲ. ಬಾಯಿಗೆ ಬಂದದ್ದನ್ನು ಕೂಗಿದೆ.

"ಮುಟ್ಟಬೇಡಿ! ಅದು ನಾಯಿಗೆ!"

ಅವರ ಕೈ ಅಲ್ಲೇ ನಿಂತಿತು. "ನಾಯಿಗಾ? ನಿಮ್ಮನೇಲಿ ನಾಯಿ ಎಲ್ಲಿದೆ?"

ಅವ್ವ ನನ್ನನ್ನೇ ನೋಡಿದಳು. ಒಲೆ ಯಾಕೆ ಸಣ್ಣದು, ಭಾನುವಾರ ಯಾಕೆ ಬರುತ್ತಾರೆ, ಎಲ್ಲವೂ ಅವಳಿಗೆ ಅಷ್ಟರಲ್ಲೇ ಅರ್ಥವಾಯಿತು. ಆಮೇಲೆ ಶಾರದಮ್ಮನವರ ಕಡೆ ತಿರುಗಿದಳು.

"ನಮ್ಮೂರ್ ನಾಯಿಗೆ ಕಣಮ್ಮಾ. ಹೊಲ ಕಾಯ್ತದೆ. ದಾರೀಲಿ ಯಾರೋ ಕೊಟ್ರು, ಹಾಳಾಗದ್ ಯಾಕೆ ಅಂತ ಇಸ್ಕಂಡೆ. ನಿಮ್ಮಂತೋರ್ ಮನೇಲಿ ತೆಗೀಬಾರ್ದಿತ್ತು, ತೆಪ್ಪಾಯ್ತು." ಕೈ ಮುಗಿದಳು.

"ಅಯ್ಯೋ, ಇರಲಿ ಬಿಡಿ ಅಜ್ಜಿ," ಅಂದ ಶಾರದಮ್ಮನವರು ಸೆರಗನ್ನು ಮೂಗಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿದರು. "ಆ ಜಾಗ ಒಂದು ಸಲ ನೀರು ಹಾಕಿ ಒರೆಸಿಬಿಡ್ರೀ. ಇವರು ಯಾರು?"

"ನಮ್ಮವ್ವ," ಅಂದೆ. ಅಷ್ಟಾದರೂ ಹೇಳಿದೆ.

ಅವರು ನಡುಮನೆಗೆ ಹೋದರು. ಅವ್ವ ಒಂದೊಂದೇ ಚೂರನ್ನು ಡಬ್ಬಿಗೆ ತುಂಬಿದಳು. ತಟ್ಟೆಯನ್ನು ತಾನೇ ತೊಳೆದಳು, ಆ ಜಾಗಕ್ಕೂ ತಾನೇ ನೀರು ಹಾಕಿ ಒರೆಸಿದಳು. "ಕಾಫಿ ಕುಡ್ಕೊಂಡು ಹೋಗವ್ವ," ಅಂದೆ. "ಬಸ್ಸು ಹೋಗ್ಬುಡ್ತದೆ," ಅಂದಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಬಾಗಿಲ ಹತ್ತಿರ ಗೀತಾ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಚಪ್ಪಲಿ ಕೂಡ ಹಾಕಿಕೊಳ್ಳದೆ ಅಜ್ಜಿಯ ಹಿಂದೆ ಮೆಟ್ಟಿಲು ಇಳಿದಳು.

ದೀಪ ಹಚ್ಚುವ ಹೊತ್ತಿಗೆ ಬಂದಳು. ಬೆರಳ ತುದಿಯೆಲ್ಲ ಅರಿಶಿನ, ಖಾರ.

"ತಿಂದ್ಯಾ?"

"ಬಸ್ ಸ್ಟಾಪಲ್ಲಿ. ಎಲ್ಲಾ ತಿಂದೆ."

"ಅಜ್ಜಿ ಏನಾದ್ರೂ ಅಂದ್ರಾ?"

"ನಿಮ್ಮಮ್ಮ ಕೋಡುಬಳೆ ಚೆನ್ನಾಗಿ ಮಾಡವ್ಳೆ ಅಂದ್ರು." ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಮನೆ ಉಳಿಯಿತು. ಕೋಡುಬಳೆಗೆ ಹೆಸರು ಬಂತು. ಸೀಮಂತ, ನಾಮಕರಣ ಏನಿದ್ದರೂ ತಟ್ಟೆ ಜೋಡಿಸುವುದಕ್ಕೆ ಬೀದಿಯವರು ನನ್ನನ್ನೇ ಕರೆಯುತ್ತಿದ್ದರು. ಶಾರದಮ್ಮನವರಂತೂ ಬಂದವರಿಗೆಲ್ಲ, "ನಮ್ಮ ಮಹಡಿ ಮನೆಯವರು ಬಹಳ ಶುದ್ಧ," ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಯಾರೋ ಬೆನ್ನಿಗೆ ತಣ್ಣೀರು ಎರಚಿದ ಹಾಗಾಗುತ್ತಿತ್ತು. ಭಾನುವಾರ ಅರೆಕೆರೆಗೆ ಹೋಗುತ್ತಲೇ ಇದ್ದೆವು, ಅವ್ವ ಸಾರು ಮಾಡಿ ಬಡಿಸುತ್ತಲೇ ಇದ್ದಳು. ಅವತ್ತಿನ ಸಂಗತಿ ಮಾತ್ರ ಎತ್ತಲೇ ಇಲ್ಲ. ಉಪ್ಪುಕಂಡ ನನ್ನ ಕಣ್ಣಿಗೆ ಮತ್ತೆ ಬೀಳಲಿಲ್ಲ. ಒಲೆಯ ಮೇಲಿನ ಹಗ್ಗ ಬರಿದಾಗಿತ್ತು. ಜಯನಗರದ ಮೆಟ್ಟಿಲನ್ನೂ ಅವಳು ಮತ್ತೆ ಹತ್ತಲಿಲ್ಲ, ಮಂಡಿನೋವು ಅನ್ನುತ್ತಿದ್ದಳು. ಅದೇ ಮಂಡಿಯಲ್ಲಿ ಹೊಲಕ್ಕೆ ದಿನಾ ಎರಡು ಸಲ ಹೋಗಿಬರುತ್ತಿದ್ದಳು. ಬೈದಿದ್ದರೆ ಎದುರು ಮಾತಾಡಿ ನನ್ನ ಮನಸ್ಸೂ ಹಗುರವಾಗುತ್ತಿತ್ತು. ಬೈಯುವ ಬಾಯಿ ನಮ್ಮವ್ವನದು, ಕರು ತಪ್ಪಿಸಿಕೊಂಡರೆ ಅರ್ಧ ಊರಿಗೆ ಕೇಳಿಸುವ ಹಾಗೆ ಬೈಯುತ್ತಿದ್ದಳು. ನನ್ನ ಜೊತೆ ಮಾತ್ರ ಬೀಗರ ಮನೆಯವರ ಜೊತೆ ಆಡುವ ಹಾಗೆ ಮೆತ್ತಗೆ ಮಾತಾಡತೊಡಗಿದಳು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿಲ್ಲ.

ಏಳು ವರ್ಷ ಹೀಗೇ ಕಳೆಯಿತು. ಕುಮಾರಸ್ವಾಮಿ ಲೇಔಟಿನಲ್ಲಿ ಸೈಟು ಸಿಕ್ಕಿ, ಎರಡು ರೂಮಿನ ಸ್ವಂತ ಮನೆ ಕಟ್ಟಿಕೊಂಡೆವು. ಗೃಹಪ್ರವೇಶಕ್ಕೆ ಅವ್ವ ಬಂದಳು. ಬರದಿದ್ದರೆ ಜನ ಏನಂತಾರೆ ಅಂತ ಬಂದಳು. ನಾಲ್ಕು ದಿನ ಇರು ಅಂತ, ಗಂಡನ ಮನೆಯಿಂದ ಎರಡು ಪುಟ್ಟ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಗೀತಾ ಹಿಡಿದುಕೊಂಡಳು. ಬೇಸಗೆ, ತಾರಸಿಯ ಮೇಲೆ ಕಾಲಿಡಲಾಗದಂಥ ಬಿಸಿಲು. ಮೂರನೆಯ ದಿನ ನಾನೇ ಅಂಗಡಿಗೆ ಹೋಗಿ, ಹಾಡಹಗಲು, ಬೀದಿಯ ನಡುವೆ ನಡೆದುಕೊಂಡು, ಎರಡು ಕೆಜಿ ಮಾಂಸ ತಂದು ಅವಳ ಮುಂದೆ ಇಟ್ಟೆ.

"ಅವ್ವ, ಉಪ್ಪುಕಂಡ ಹಾಕೋದು ಹೇಳ್ಕೊಡು."

ಅವಳು ಎಲೆಗೆ ಸುಣ್ಣ ಸವರುತ್ತಾ ಇದ್ದಳು. ತಲೆ ಎತ್ತಲಿಲ್ಲ. "ಯಾಕವ್ವಾ? ನಾಯಿ ಗೀಯಿ ಸಾಕಿದ್ದೀಯಾ?"

ಏಳು ವರ್ಷ ಆ ಮಾತನ್ನು ಎಲ್ಲಿ ತೂಗುಹಾಕಿದ್ದಳೋ, ಸ್ವಲ್ಪವೂ ಮೆತ್ತಗಾಗಿರಲಿಲ್ಲ. ಕ್ಷಮಿಸು ಅನ್ನುವ ಮಾತನ್ನು ನಾನು ರೇಡಿಯೋ ನಾಟಕದಲ್ಲಿ ಕೇಳಿದ್ದೇನೆ. ನಮ್ಮ ಮನೆತನದಲ್ಲಿ ಒಬ್ಬರು ಇನ್ನೊಬ್ಬರಿಗೆ ಅಂದದ್ದನ್ನು ಕೇಳಿಲ್ಲ. ನನಗೂ ಬರಲಿಲ್ಲ.

"ಇಲ್ಲವ್ವ," ಅಂದೆ. "ನಂಗೇ ಬೇಕು."

ಅವಳು ಎಲೆ ಮಡಿಸಿ ದವಡೆಗೆ ಇಟ್ಟುಕೊಂಡಳು. ಪೊಟ್ಟಣವನ್ನು ಹತ್ತಿರ ಎಳೆದು, ಮಾಂಸವನ್ನು ಬೆರಳಲ್ಲಿ ಒತ್ತಿ ನೋಡಿದಳು. ಮುಖ ಗಂಟಾಯಿತು.

"ಯಾವನವ್ನು ಇದುನ್ನ ಕೊಟ್ಟೋನು? ಬರೀ ನರ! ಮೊಮ್ಮಕ್ಳು ಕಂಡೆ, ಒಂದ್ ಮಾಂಸ ನೋಡಿ ತರಾಕ್ ಬರಲ್ವಲ್ಲೇ ನಿಂಗೆ, ದಂಡಪಿಂಡ! ನಿಂತ್ಕಂಡ್ ಏನ್ ನೋಡ್ತೀಯ, ದಬ್ಬಳ ದಾರ ತಗಂಬಾ, ಓಗು!"

ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಇಣುಕಲಿ. ಮೊಮ್ಮಕ್ಕಳನ್ನು ಕಂಡ ಹೆಂಗಸು ದಬ್ಬಳ ಹುಡುಕಿಕೊಂಡು ಒಳಗೆ ಓಡಿದೆ. ಮಾಡಿದ್ದರ ನಾಚಿಕೆ ಇವತ್ತಿಗೂ ನನ್ನಲ್ಲಿದೆ, ಅದು ಹೋಗುವುದೂ ಬೇಡ. ಆದರೆ ಅವತ್ತು ನಮ್ಮವ್ವ ಮತ್ತೆ ಬೈಯುವಷ್ಟು ಹತ್ತಿರ ಬಂದಿದ್ದಳು.