ಯಲಬುರ್ಗಾದಲ್ಲಿ ಖಾಲಿ ಉಳಿದ ಚೌಕ

ಹುಬ್ಬಳ್ಳಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹೊರಟು ಕೊಪ್ಪಳದಲ್ಲಿ ಇಳಿದಾಗ ಬಿಸಿಲು ಆಗಲೇ ಏರಿತ್ತು. ನಿಲ್ದಾಣದ ಎದುರು ಒಗ್ಗರಣಿ, ಮಿರ್ಚಿ ತಿಂದು ಗಂಗಾವತಿಯ ಬಸ್ಸು ಹತ್ತಿದೆ. ಕೈಯಲ್ಲಿ ಸುತ್ತಿದ ಮೂರು ದೊಡ್ಡ ಹಾಳೆಗಳಿದ್ದವು.

ಕೊಪ್ಪಳದ ಹೊರಗೆ ರೈಲು ಹಳಿಯ ಪಕ್ಕ ಒಂದು ಕಂಟೇನರ್ ಯಾರ್ಡ್ ಇದೆ. ಅಕ್ಕಿ, ದಾಳಿಂಬೆ ತುಂಬಿದ ಕಬ್ಬಿಣದ ಪೆಟ್ಟಿಗೆಗಳು ಅಲ್ಲಿಂದ ಬಂದರಿಗೆ ಹೋಗುತ್ತವೆ. ಆ ಯಾರ್ಡಿಗೆ ಡಿಜಿಟಲ್ ಟ್ವಿನ್ ಮಾಡುವ ಕೆಲಸ ನಮ್ಮ ಕಚೇರಿಯದು. ಅಂದರೆ ಯಾವ ಪೆಟ್ಟಿಗೆ ಎಲ್ಲಿದೆ, ಯಾವ ಯಂತ್ರ, ಯಾವ ಲಾರಿ ಎತ್ತ ಚಲಿಸುತ್ತಿದೆ ಎಂಬುದನ್ನು ಆ ಕ್ಷಣಕ್ಕೇ ತೋರಿಸುವ ಯಾರ್ಡಿನ ತದ್ರೂಪು, ಕಂಪ್ಯೂಟರಿನೊಳಗೆ. ಅದರಿಂದ ನಾಲ್ಕು ಉಪಯೋಗ ಸಾಧ್ಯವಿತ್ತು. ಕ್ರೇನು ಕೆಡುವ ಮೊದಲೇ ತಿಳಿಯುವುದು, ಪೆಟ್ಟಿಗೆ ಪೇರಿಸುವ ಜಾಗ ಗೊತ್ತುಮಾಡುವುದು, ಗೇಟಿನಲ್ಲಿ ಲಾರಿಗಳ ಕಾಯುವಿಕೆ ತಗ್ಗಿಸುವುದು, ಯಂತ್ರದ ದಾರಿಗೆ ಮನುಷ್ಯರು ಬಂದರೆ ಎಚ್ಚರಿಸುವುದು. ಈ ವರ್ಷ ಒಂದನ್ನಷ್ಟೇ ಮಾಡಲಾಗುತ್ತಿತ್ತು. ಯಾವುದು ಮೊದಲು ಎಂದು ಯಾರ್ಡಿಗೆ ಸಂಬಂಧಪಟ್ಟವರನ್ನೇ ಕೇಳಿ ಬರಲು ನನ್ನನ್ನು ಕಳಿಸಿದ್ದರು. ಹಾಳೆಯ ಮೇಲೆ ನಾಲ್ಕು ಚೌಕ, ಬೇಕಾದ ಚೌಕಕ್ಕೆ ಬಣ್ಣದ ಚುಕ್ಕೆ ಅಂಟಿಸುವುದು, ಒಬ್ಬರಿಗೆ ಒಂದೇ ಚುಕ್ಕೆ. ಯಾರೂ ಚುಕ್ಕೆ ಹಚ್ಚದ ಕೆಲಸವನ್ನು ಮುಂದಕ್ಕೆ ಹಾಕುವುದೆಂದು ಮೊದಲೇ ನಿಶ್ಚಯವಾಗಿತ್ತು.

ಗಂಗಾವತಿಯಲ್ಲಿ ಅಕ್ಕಿ ಗಿರಣಿಯೊಂದರ ಕಚೇರಿಯಲ್ಲಿ ವ್ಯಾಪಾರಸ್ಥರು ಸೇರಿದ್ದರು. ಚಹಾ ಮುಗಿಯುವುದರೊಳಗೆ ಪೇರಿಸುವ ಚೌಕ ತುಂಬಿತು. ರಾತ್ರಿ ಅಲ್ಲೇ ಉಳಿದು, ಮರುದಿನ ಕನಕಗಿರಿ, ತಾವರಗೇರಾ ದಾಟಿ ಕುಷ್ಟಗಿಗೆ ಹೋದೆ. ಭತ್ತದ ಹಸಿರು ಹಿಂದೆ ಉಳಿದು ಕಿಟಕಿಯಿಂದ ಒಣ ಗಾಳಿ ಬಡಿಯತೊಡಗಿತು.

ಕುಷ್ಟಗಿಯಲ್ಲಿ ಲಾರಿ ಚಾಲಕರು ನಾನು ಹೇಳಿದ ನಿಯಮವನ್ನು ಗಾಳಿಗೆ ತೂರಿದರು. ಖಾಜಾಸಾಬ ಎಂಬ ಹಿರಿಯ ಚಾಲಕ ಗೇಟಿನ ಚೌಕಕ್ಕೆ ಹಿಡಿ ಚುಕ್ಕೆ ಹಚ್ಚಿ, "ನಮ್ಮ ಬ್ಯಾನಿಗೆ ಒಂದ ಚುಕ್ಕಿ ಸಾಲೂದಿಲ್ರೀ ಸರ. ಗೇಟಿನ್ಯಾಗ ನಿಂತು ನಿಂತು ಗಾಲಿಗೆ ಬೇರು ಬಿಟ್ಟಾವು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಚುಕ್ಕೆಗಳು ಮುಗಿದುಹೋದವು.

ಬಸ್ ಸ್ಟ್ಯಾಂಡಿನ ಬಳಿ ಬಳೆ ಅಂಗಡಿಯೊಂದಿತ್ತು. ಹೆಂಗಸರು ಹಣೆಗೆ ಹಚ್ಚುವ ಕೆಂಪು ಟಿಕಳಿಯ ಪಾಕೀಟು ಕೊಂಡೆ. ದುಂಡಗೆ, ಅಂಟಿನೊಡನೆ, ಬೇಕಾದ ಅಳತೆಯಲ್ಲೇ ಇದ್ದವು. ಮನೆಯವರಿಗೇನ್ರಿ ಎಂದು ಅಂಗಡಿಯವಳು ಕೇಳಿದಾಗ, ಅಲ್ಲ, ಆಫೀಸಿಗೆ ಎಂದೆ. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ.

ಯಾರ್ಡಿನಲ್ಲಿ ಗುಡಿಸುವ, ಮೂಟೆ ಹೊರುವ ಹೆಚ್ಚಿನವರು ಯಲಬುರ್ಗಾದವರು. ದಿನಾ ಕಂಪನಿಯ ಗಾಡಿಯಲ್ಲಿ ಹೋಗಿಬರುತ್ತಾರೆ. ಕುಷ್ಟಗಿಯಿಂದ ನಾನು ಅಲ್ಲಿಗೆ ಹೋದ ದಿನ ಅವರಿಗೆ ರಜೆ. ಸಮುದಾಯ ಭವನದಲ್ಲಿ ಸೇರಿದ್ದರು. ಒಂದೊಂದು ಚೌಕದ ಅರ್ಥವನ್ನೂ ಬಿಡಿಸಿ ಹೇಳಿದೆ. ಪೆಟ್ಟಿಗೆ ಎತ್ತುವ ಯಂತ್ರ ಹಿಂದಕ್ಕೆ ಬರುವಾಗ ದಾರಿಯಲ್ಲಿ ಯಾರಾದರೂ ಇದ್ದರೆ ಗಂಟೆ ಬಾರಿಸುತ್ತದೆ, ಅದು ನಾಲ್ಕನೆಯ ಚೌಕ ಎಂದಾಗ ಯಾರೂ ಅಲುಗಾಡಲಿಲ್ಲ. ಗಮನವಿಟ್ಟು ಕೇಳುತ್ತಿದ್ದಾರೆ ಅಂದುಕೊಂಡೆ.

ಮುಂದಿನ ಸಾಲಿನಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಕೂತಿದ್ದಳು, ರೇಣವ್ವ. ಮೊದಲು ನೀವೇ ಹಚ್ಚಿರಿ ಎಂದು ಟಿಕಳಿಯೊಂದನ್ನು ಕಿತ್ತು ನನ್ನ ಬೆರಳ ತುದಿಯಲ್ಲೇ ಅವಳ ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ. ನಾಚಿಕೆ ಎಂದು ತಿಳಿದು, "ತಗೊಳ್ರಿ, ಯಾವುದಕ್ಕಾದರೂ ಹಚ್ರಿ" ಎಂದು ಇನ್ನೊಮ್ಮೆ ಹೇಳಿದೆ. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಎದ್ದು ಹೊರಗೆ ಹೋದಳು. ಸೆರಗು ಮರೆಮಾಡುವ ಮುನ್ನ, ಕುಂಕುಮವಿಲ್ಲದ ಆ ಬರಿ ಹಣೆಯನ್ನು ನಾನು ನೋಡಿದ್ದು ಆಗಲೇ.

ಉಳಿದವರು ಸರಸರನೆ ಬಂದು ಗೇಟು, ಕ್ರೇನಿನ ಚೌಕಗಳಿಗೆ ಟಿಕಳಿ ಹಚ್ಚಿ ಹೋದರು. ನಾಲ್ಕನೆಯದರ ಹತ್ತಿರ ಒಂದು ಕೈಯೂ ಸುಳಿಯಲಿಲ್ಲ. ಏನು ಮಾಡಬೇಕೆಂದು ತೋಚದೆ, ಯಾವಾಗಲೂ ಮಾಡುವುದನ್ನೇ ಮಾಡಿದೆ. ಹಾಳೆಯ ಫೋಟೋ ತೆಗೆದು ಕಚೇರಿಗೆ ಕಳಿಸಿದೆ.

ಬಸ್ಸಿಗೆ ಕಾಯುವಾಗ ಅವರಲ್ಲಿ ಹಿರಿಯಳಾದ ಶಂಕ್ರವ್ವ ಹುಡುಕಿಕೊಂಡು ಬಂದಳು. ಕಲ್ಲುಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು.

"ರೇಣವ್ವನ ಗಂಡ ಹ್ವಾದದ್ದು ಅದ ಮಷಿನ್ ಹಿಂದಕ್ಕ ಬರೂಮುಂದ್ರಿ" ಎಂದಳು. "ಅಕಿ ಕಣ್ಣೆದುರಿಗೆ ಆ ಚೌಕಕ್ಕ ಟಿಕಳಿ ಹೆಂಗ ಹಚ್ಚೂಣು? ನಮಗೆಲ್ಲಾರಿಗೂ ಅದ ಮೊದಲ ಬೇಕಾಗಿತ್ತು. ಕೈ ಬರಲಿಲ್ಲ."

ಈಗ ಅದೇ ಜಾಗದಲ್ಲಿ ರೇಣವ್ವನ ಮೈದುನ ಹನುಮಪ್ಪ ಮೂಟೆ ಹೊರುತ್ತಾನಂತೆ. ಅವಳ ಮನೆಗೆ ಹೋಗಿ ತಪ್ಪಾಯಿತು ಎನ್ನುತ್ತೇನೆ ಎಂದೆ.

"ಬ್ಯಾಡ್ರಿ. ಮತ್ತ ನಾಕ ಮಂದ್ಯಾಗ ಅಕಿನ್ನ ನಿಂದ್ರಸಬ್ಯಾಡ್ರಿ. ಕೊಪ್ಪಳದಾಗ ಹೇಳ್ರಿ, ಅಲ್ಲಿ ಹೇಳೂದು ಐತಿ."

ಮರುದಿನ ಕೊಪ್ಪಳದ ಯಾರ್ಡಿನ ಕಚೇರಿಯಲ್ಲಿ ಸಭೆ ಇತ್ತು, ಅಲ್ಲಿ ಹೇಳಿದೆ. ಊರಿಗೊಂದರಂತೆ ಮೂರೂ ಹಾಳೆಗಳು ಗೋಡೆಯ ಮೇಲಿದ್ದವು, ಮೂರರಲ್ಲೂ ನಾಲ್ಕನೆಯ ಚೌಕ ಖಾಲಿ. ಯಾರ್ಡಿನ ವ್ಯವಸ್ಥಾಪಕರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು. ಖಾಲಿ ಚೌಕ ಬೇಡ ಎಂಬುದರ ಗುರುತಲ್ಲ, ಬಾಯಿಬಿಟ್ಟು ಹೇಳಲಾರದಷ್ಟು ಬೇಕು ಎಂಬುದರ ಗುರುತು ಎಂದೆ. ಮತ್ತೆ ಹೋಗಿ ಒಬ್ಬೊಬ್ಬರನ್ನೇ ಬಾಯಿಮಾತಿನಲ್ಲಿ ಕೇಳಿ ಬರುತ್ತೇನೆಂದೆ. ಅವರು ಮೇಜಿನ ಕಡೆ ನೋಡಿದರು. ನಾನು ಕಳಿಸಿದ ಫೋಟೋ ಆಗಲೇ ಮೇಲಿನವರಿಗೆ ತಲುಪಿ, ಗೇಟಿನ ಕೆಲಸಕ್ಕೆ ಒಪ್ಪಿಗೆ ಬಂದಾಗಿತ್ತು. ನಾಲ್ಕನೆಯದು ಮುಂದಿನ ವರ್ಷಕ್ಕೆ ಹೋಯಿತು.

ಹೊರಗೆ ಬಂದಾಗ ರೇಣವ್ವ ಪೆಟ್ಟಿಗೆಗಳ ಸಾಲಿನ ಬದಿಗೆ ಗುಡಿಸುತ್ತಿದ್ದಳು. ಈ ಸಲ ದೂರದಲ್ಲೇ ನಿಂತೆ. ನಿನ್ನೆಯದು ನನ್ನ ತಪ್ಪು ಎಂದೆ. ನಿಮಗೇನು ಗೊತ್ತಿತ್ರಿ ಎಂದಳು. ಸಭೆಯಲ್ಲಿ ಆದದ್ದನ್ನು ಹೇಳಿದೆ. ಅವಳ ಕೈಯಲ್ಲಿದ್ದ ಕಸಬರಿಗೆ ನಿಂತಿತು.

"ಮುಂದಿನ ವರ್ಷದ ತನಕ ನಮ್ಮ ಹನುಮ ಇದರಾಗ ಅಡ್ಡಾಡಬೇಕಲ್ರೀ" ಎಂದಳು. ಬೈಗುಳದ ದನಿಯಲ್ಲ. ನನಗೆ ಗೊತ್ತಿದೆಯೋ ಇಲ್ಲವೋ ಎಂದು ಕೇಳುವಂತಿತ್ತು.

ಹುಬ್ಬಳ್ಳಿಗೆ ಮರಳುವ ಸಂಜೆಯ ಗಾಡಿ ಯಾರ್ಡಿನ ಪಕ್ಕದಲ್ಲೇ ಹಾದುಹೋಯಿತು. ಕಿಟಕಿಗೆ ಮುಖ ಹಚ್ಚಿ ನೋಡಿದೆ. ಎರಡು ಸಾಲು ಪೆಟ್ಟಿಗೆಗಳ ನಡುವೆ ಒಬ್ಬ ಮೂಟೆ ಹೊತ್ತು ನಡೆಯುತ್ತಿದ್ದ. ಅವನ ಹಿಂದೆ, ದೂರದಲ್ಲಿ, ಪೆಟ್ಟಿಗೆ ಎತ್ತುವ ಯಂತ್ರದ ದೀಪ ಮಿನುಗುತ್ತಿತ್ತು. ಅವನು ಆ ಕಡೆ ತಿರುಗುತ್ತಾನೇನೋ ಎಂದು ಕಾಯುತ್ತಿರುವಾಗಲೇ ಗಾಡಿ ಮುಂದೆ ಸಾಗಿತು.